ಬೈಬಲ್‌ನಲ್ಲಿ ಎಲ್ಲರೂ ಒಂದೇ ಅಂದಮೇಲೆ ಚರ್ಚಿನಲ್ಲಿ ಬಣ್ಣ, ಜಾತಿಯ ಭೇದ ಹೇಗೆ ಬಂತು?

ಪುಸ್ತಕದಲ್ಲಿ ಇರುವುದು ಬೇರೆ, ಜನ ನಡೆಯುವುದು ಬೇರೆ, ಅಷ್ಟೇ. ಬೈಬಲ್‌ನಲ್ಲೇ ಇರುವ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ (3:28) ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಕ್ರೈಸ್ತ ಧರ್ಮ ಸಾರಿದ ಪೌಲ ನೇರವಾಗಿ ಹೇಳುತ್ತಾನೆ. ಆದರೆ ಅದೇ ಬೈಬಲ್ ಹಿಡಿದುಕೊಂಡೇ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಗುಲಾಮಗಿರಿಯ ಪರ ನಿಂತು 1845ರಲ್ಲಿ ಬೇರೆ ಸಂಘ ಕಟ್ಟಿಕೊಂಡರು, ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಬೇಕಾಯಿತು! 1963ರಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಜೈಲಿನಿಂದ ಪತ್ರ ಬರೆದದ್ದೂ ಆ ಚಳವಳಿಗೆ ಆತುರ ಬೇಡ ಎನ್ನುತ್ತಿದ್ದ ಬಿಳಿಯ ಧರ್ಮಗುರುಗಳಿಗೇ.

ನಮ್ಮ ಬಳ್ಳಾರಿಯೇನು ಕಡಿಮೆಯಿಲ್ಲ. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದರು. ಆದರೂ ಮದುವೆ ಮಾತು ಬಂದರೆ 'ಅವರು ಮೊದಲು ಯಾವ ಪೈಕಿ?' ಎಂದು ಕೇಳುವವರು ಇವತ್ತಿಗೂ ಇದ್ದಾರೆ, ಸುಮ್ನೆ ಮುಚ್ಚಿಟ್ಟು ಏನು ಉಪಯೋಗ? ಇನ್ನೊಂದು ತೊಡಕು ಕಾನೂನಿನದು. ಪರಿಶಿಷ್ಟ ಜಾತಿಗಳ (ಎಸ್‌ಸಿ) ಕುರಿತ 1950ರ ಆದೇಶದ ಪ್ರಕಾರ ದಲಿತರು ಕ್ರೈಸ್ತರಾದರೆ ಎಸ್‌ಸಿ ಸ್ಥಾನ ಹೋಗುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ಸಿಕ್ಕಿತು. ಹಾಗಾಗಿ ಭಾನುವಾರ 'ನಮ್ಮಲ್ಲಿ ಜಾತಿ ಇಲ್ಲ' ಎನ್ನುವ ಪಾದ್ರಿಗಳು, ದಲಿತ ಕ್ರೈಸ್ತರ ಮೀಸಲಾತಿ ಕೇಳಲು ಹೋದಾಗ 'ಇದೆ' ಎಂದು ಒಪ್ಪಲೇಬೇಕಾಗುತ್ತದೆ, ಅಲ್ವಾ?