ಮಾರುವ ಉದ್ದೇಶವಿಲ್ಲದೆ, ಬರೀ ಹವ್ಯಾಸವಾಗಿ ಮಣಿ ಆಭರಣ ಮಾಡುವುದನ್ನು ಆನಂದಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆರು ತಿಂಗಳಿಂದ ಮಣಿ ಕೆಲಸ ಹಿಡಿದಿದ್ದೀರಿ, ಡಬ್ಬಿ ತುಂಬ ಮಣಿ ಸೇರಿವೆ. ಆದರೆ ಮುಗಿದದ್ದು ಒಂದು ಬ್ರೇಸ್‌ಲೆಟ್, ಒಂದು ಜೊತೆ ಓಲೆ ಅಷ್ಟೇ. ಆ ಬ್ರೇಸ್‌ಲೆಟ್ ಕೂಡ ಮೊನ್ನೆ ಹರಿದುಹೋಯಿತು. ಅಷ್ಟು ಸಾಲದೆಂಬಂತೆ ‘ಮಾರುವುದಿಲ್ಲ ಎಂದಮೇಲೆ ಇಷ್ಟು ಹೊತ್ತು ಇದಕ್ಕೇಕೆ’ ಎಂದು ಮನೆಯವರು ಕೇಳಿದ್ದಾರೆ, ಆ ಮಾತು ನಿಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಹನ್ನೊಂದು ವರ್ಷಗಳಿಂದ ಮಣಿ ಪೋಣಿಸುತ್ತಿದ್ದೇನೆ, ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಹರಿದ ಬ್ರೇಸ್‌ಲೆಟ್ ವಿಷಯ. ಮಣಿಗಳನ್ನು ಗುಡಿಸಿ ಎಸೆಯಲಿಲ್ಲ ತಾನೇ? ನಾನು ಈ ಕೆಲಸವನ್ನು ಇಷ್ಟೊಂದು ಹಚ್ಚಿಕೊಂಡಿರುವುದಕ್ಕೆ ಮುಖ್ಯ ಕಾರಣವೇ ಇದು: ಇಲ್ಲಿ ತಪ್ಪು ಮಾಡಿದರೆ ಏನೂ ಕೆಡುವುದಿಲ್ಲ. ಬಟ್ಟೆಗೆ ಕತ್ತರಿ ತಪ್ಪಿ ಬಿದ್ದರೆ ಬಿದ್ದಂತೆಯೇ. ಜಲವರ್ಣ ಬೇಡದ ಕಡೆ ಹರಡಿದರೆ ಆ ಹಾಳೆ ಹೋಯಿತು. ಮಣಿ ಹಾಗಲ್ಲ. ದಾರ ಕತ್ತರಿಸಿದರೆ ಹೋಗುವುದು ದಾರ ಮಾತ್ರ, ಮಣಿ ಹೊಸದಾಗಿಯೇ ಕೈಗೆ ಮರಳುತ್ತದೆ. ನನ್ನ ಹತ್ತಿರ ಗಾಢ ನೀಲಿ ಗಾಜಿನ ಮಣಿಗಳ ಒಂದು ಗುಂಪು ಇದೆ. ಅವು ಮೊದಲು ಉದ್ದನೆಯ ಸರವಾಗಿದ್ದವು, ಆಮೇಲೆ ಎರಡೆಳೆಯ ಗಿಡ್ಡ ಸರವಾದವು, ಒಂದಷ್ಟು ಕಾಲ ಓಲೆಗಳಲ್ಲಿ ತೂಗಿದವು, ಈಗ ಬ್ರೇಸ್‌ಲೆಟ್ ಆಗಿ ನನ್ನ ಕೈಯಲ್ಲಿವೆ. ಪ್ರತಿ ಸಲ ಬಿಚ್ಚಿದಾಗಲೂ ಹಿಂದಿನ ಸಲ ಏನು ಸರಿಹೋಗಲಿಲ್ಲ ಎಂಬುದು ಕಣ್ಣೆದುರು ಬಿಡಿಬಿಡಿಯಾಗಿ ಕಾಣುತ್ತದೆ. ಬಿಚ್ಚುವುದನ್ನು ಸೋಲು ಎಂದು ಲೆಕ್ಕ ಹಾಕಿದರೆ ಈ ಹವ್ಯಾಸ ಕಷ್ಟ. ಬಿಚ್ಚುವುದೂ ಕೆಲಸದ ಅರ್ಧ ಭಾಗವೇ ಎಂದುಕೊಂಡರೆ ನಿಮ್ಮ ಆರು ತಿಂಗಳು ಖಾಲಿಯಾಗಿ ಕಾಣುವುದಿಲ್ಲ.

ಆದರೂ ತಾನಾಗಿ ಹರಿಯಬಾರದು, ನಿಜ. ನೀವು ಬಳಸಿದ್ದು ಎಲಾಸ್ಟಿಕ್ ದಾರ ಎಂದು ಬರೆದಿದ್ದೀರಿ. ಅದು ಹರಿಯಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಪೋಣಿಸುವ ಮೊದಲು ದಾರವನ್ನು ನಾಲ್ಕೈದು ಬಾರಿ ಮೆಲ್ಲಗೆ ಎಳೆದು ಹದ ಮಾಡಿಕೊಳ್ಳದಿರುವುದು. ಹಾಗೆ ಮಾಡದಿದ್ದರೆ ಹಾಕಿಕೊಂಡ ಕೆಲವು ದಿನಗಳಲ್ಲಿ ದಾರ ತಾನೇ ಜಗ್ಗುತ್ತದೆ, ಮಣಿಗಳ ನಡುವೆ ಸಂದು ಬೀಳುತ್ತದೆ, ಆ ಸಂದಿನಲ್ಲಿ ದಾರ ಅತ್ತಿತ್ತ ಉಜ್ಜಲಾರಂಭಿಸುತ್ತದೆ. ಎರಡನೆಯದು ಮಣಿಯ ರಂಧ್ರದ ಅಂಚು. ಕಲ್ಲಿನ ಮಣಿಗಳಲ್ಲಿ, ಲೋಹದ ಮಣಿಗಳಲ್ಲಿ ಈ ಅಂಚು ಗರಗಸದಂತೆ ಇರುವುದುಂಟು. ಒಂದು ಮಣಿ ತೆಗೆದು ರಂಧ್ರದ ಬಾಯಿಗೆ ತೆಳು ಬಟ್ಟೆಯ ಮೂಲೆಯನ್ನು ಸವರಿ ನೋಡಿ, ನೂಲು ಸಿಕ್ಕಿಕೊಂಡರೆ ಕಾರಣ ಸಿಕ್ಕಿತು. ಅಂಥ ಮಣಿಗಳಿಗೆ ಎಲಾಸ್ಟಿಕ್ ಬೇಡ, ನೈಲಾನ್ ಲೇಪನವಿರುವ ಉಕ್ಕಿನ ಎಳೆ ಬಳಸಿ. ಅದು ಒಳಗೆ 7, 19 ಅಥವಾ 49 ಸಣ್ಣ ತಂತಿಗಳನ್ನು ಹೊಸೆದು ಮಾಡಿದ್ದಾಗಿರುತ್ತದೆ. ತಂತಿಗಳ ಸಂಖ್ಯೆ ಹೆಚ್ಚಿದಷ್ಟೂ ಸರ ಮೃದುವಾಗಿ ಮೈಗೆ ಬೀಳುತ್ತದೆ.

ಈ ದಾರ ಮತ್ತು ಮಣಿಯ ಉಜ್ಜಾಟ ಬಹಳ ಹಳೆಯದು. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು 75,000 ವರ್ಷ ಹಳೆಯ, ತೂತು ಮಾಡಿದ ಪುಟ್ಟ ಪುಟ್ಟ ಚಿಪ್ಪುಗಳು 40ಕ್ಕೂ ಹೆಚ್ಚು ಸಿಕ್ಕಿವೆ. ಅವು ಮಣಿಗಳೇ ಎಂದು ಸಂಶೋಧಕರು ಹೇಳಲು ಒಂದು ಮುಖ್ಯ ಆಧಾರ ಆ ತೂತುಗಳ ಬಳಿ ಕಂಡ ಸವೆತ. ದಾರಕ್ಕೆ ತಾಗಿ, ಪಕ್ಕದ ಚಿಪ್ಪಿಗೆ ತಾಗಿ, ಮೈಗೆ ತಾಗಿ ಆದ ಸವೆತ ಅದು. ಆ ದಾರ ಎಂದೋ ಮಣ್ಣಾಗಿದೆ, ಅದು ಉಜ್ಜಿದ ಗುರುತು ಇವತ್ತಿಗೂ ಇದೆ. ಇದನ್ನು ಓದಿದ ದಿನದಿಂದ ಹಳೆಯ ಸರ ಬಿಚ್ಚಿದಾಗಲೆಲ್ಲ ಮಣಿಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವುದು ನನಗೆ ಅಭ್ಯಾಸವಾಗಿದೆ.

ಇನ್ನು ಅಳತೆ. ‘ಕೈಗೆ ಸರಿಯಾಗಿಯೇ ಅಳೆದಿದ್ದೆ, ಆದರೂ ಬಿಗಿಯಾಯಿತು’ ಎಂದು ಬರೆದಿದ್ದೀರಿ. ಇದು ನಿಮ್ಮ ಅಳತೆಯ ತಪ್ಪಲ್ಲ, ಮಣಿಯ ದಪ್ಪ ಮಾಡಿದ ಕೆಲಸ. ದಾರ ಮಣಿಯ ನಡುವಿನಲ್ಲಿ ಹೋಗುತ್ತದೆ, ಆದರೆ ಚರ್ಮಕ್ಕೆ ತಾಗುವುದು ಮಣಿಯ ಒಳಬದಿ. ಹಾಗಾಗಿ ಸುತ್ತಿದ ಮೇಲೆ ಒಳಗೆ ಉಳಿಯುವ ಜಾಗ, ದಾರದ ಉದ್ದಕ್ಕಿಂತ ಮಣಿಯ ವ್ಯಾಸದ ಸುಮಾರು ಮೂರು ಪಟ್ಟಿನಷ್ಟು ಕಡಿಮೆ. 10 ಮಿಲಿಮೀಟರ್ ಮಣಿಗಳನ್ನು 18 ಸೆಂಟಿಮೀಟರ್ ಪೋಣಿಸಿದರೆ ಕೈಗೆ ದೊರೆಯುವುದು ಹೆಚ್ಚುಕಡಿಮೆ 15 ಸೆಂಟಿಮೀಟರ್ ಮಾತ್ರ. ಅದೇ 4 ಮಿಲಿಮೀಟರ್ ಮಣಿಗಳಾದರೆ 16.7 ಸಿಗುತ್ತದೆ. ನನಗೆ ಇದು ಗೊತ್ತಾಗುವಷ್ಟರಲ್ಲಿ ಐದಾರು ಬ್ರೇಸ್‌ಲೆಟ್ ಬಿಚ್ಚಿಯಾಗಿತ್ತು. (ಅಂದ ಹಾಗೆ, ಸಂಸ್ಕೃತದಲ್ಲಿ ಕೈಯಲ್ಲಿ ಬ್ರೇಸ್‌ಲೆಟ್ ಕೂರುವ ಈ ಜಾಗಕ್ಕೆ ಮಣಿಬಂಧ ಎಂದು ಹೆಸರು, ಮಣಿ ಕಟ್ಟುವ ತಾಣ. ನಾವು ಮಣಿಕಟ್ಟು ಎನ್ನುತ್ತೇವೆ. ಕೈಯ ಒಂದು ಭಾಗದ ಹೆಸರಿನಲ್ಲಿಯೇ ನಮ್ಮ ಹವ್ಯಾಸ ಕುಳಿತಿದೆ ಎಂಬುದು ನನಗೆ ತುಂಬಾ ಇಷ್ಟ.)

ಡಬ್ಬಿ ತುಂಬಿದ್ದರೂ ಕೈ ಓಡುವುದಿಲ್ಲ ಎಂಬ ನಿಮ್ಮ ಕಷ್ಟಕ್ಕೆ ನನ್ನ ಸಲಹೆ ಸ್ವಲ್ಪ ಕಟುವಾಗಿ ಕೇಳಿಸಬಹುದು: ಮೂರು ತಿಂಗಳು ಹೊಸ ಮಣಿ ಕೊಳ್ಳಬೇಡಿ. ಕೊಳ್ಳುವ ಖುಷಿ ಬೇರೆ, ಮಾಡುವ ಖುಷಿ ಬೇರೆ, ಮೊದಲನೆಯದು ಎರಡನೆಯದನ್ನು ತಿಂದುಹಾಕುತ್ತದೆ. ಇರುವುದರಲ್ಲಿ ಮೂರು ಬಣ್ಣ ಆರಿಸಿ ಒಂದು ತಟ್ಟೆಗೆ ಸುರಿದುಕೊಳ್ಳಿ, ಉಳಿದದ್ದನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ತಟ್ಟೆಯ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿದರೆ ಮಣಿ ಉರುಳುವುದಿಲ್ಲ, ಸೂಜಿಯ ತುದಿಗೆ ಸುಲಭವಾಗಿ ಏರುತ್ತದೆ. ಬಣ್ಣವನ್ನು ಹಗಲಿನಲ್ಲಿ, ಕಿಟಕಿಯ ಬೆಳಕಿನಲ್ಲಿ ಆರಿಸಿ. ಡಬ್ಬಿಯಲ್ಲಿ ಗುಂಪಾಗಿ ಕಡುಕೆಂಪು ಕಾಣುವ ಪಾರದರ್ಶಕ ಮಣಿ, ದಾರದಲ್ಲಿ ಒಂಟಿಯಾಗಿ ಕುಳಿತಾಗ ತಿಳಿಗುಲಾಬಿ ಆಗಿಬಿಡುತ್ತದೆ. ಒಳಗೆ ಬಿಳಿ ದಾರ ಹಾಕಿದರೆ ಒಂದು ಬಣ್ಣ, ಕಪ್ಪು ದಾರ ಹಾಕಿದರೆ ಇನ್ನೊಂದು. ಒಂದೇ ಮಣಿಯನ್ನು ಮೂರು ಬಣ್ಣದ ದಾರಗಳಲ್ಲಿ ನಾಲ್ಕು ನಾಲ್ಕು ಪೋಣಿಸಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಸಂಜೆ ಹೋದದ್ದೇ ಗೊತ್ತಾಗುವುದಿಲ್ಲ.

ಕಲಿಯಲು ಒಂದೇ ಒಂದು ವಿಧಾನ ಹಿಡಿಯಬೇಕೆಂದರೆ ನಾನು ಪೆಯೋಟೆ ಹೆಣಿಗೆಯನ್ನು ಹೇಳುತ್ತೇನೆ. ಪೋಣಿಸುವುದು ಬರೀ ಸಾಲು ಮಾಡುತ್ತದೆ, ಇದು ಮಣಿಗಳಿಂದ ಬಟ್ಟೆಯನ್ನೇ ನೇಯುತ್ತದೆ. ಸಣ್ಣ ಗಾಜಿನ ಮಣಿಗಳ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು ಎಂಬುದು ನೆನಪಿರಲಿ: 6/0 ಎಂದರೆ ಸುಮಾರು 4 ಮಿಲಿಮೀಟರ್, 8/0 ಸುಮಾರು 3, 11/0 ಸುಮಾರು 2. ಶುರುವಿಗೆ 8/0 ಸಾಕು. ಎರಡು ಬಣ್ಣ ತೆಗೆದುಕೊಳ್ಳಿ. ದಾರದ ತುದಿಯಿಂದ ಒಂದು ಗೇಣು ಬಿಟ್ಟು ಒಂದು ಮಣಿಯನ್ನು ಎರಡು ಸುತ್ತು ಸುತ್ತಿ ನಿಲ್ಲಿಸಿ, ಅದು ತಡೆ ಮಣಿ, ಕೊನೆಗೆ ತೆಗೆದುಬಿಡುತ್ತೀರಿ. ಈಗ ಹತ್ತು ಮಣಿ ಪೋಣಿಸಿ. ಈ ಹತ್ತೇ ಮುಂದೆ ಮೊದಲ ಎರಡು ಸಾಲುಗಳಾಗುತ್ತವೆ. ಹನ್ನೊಂದನೆಯ ಮಣಿಯನ್ನು ಸೂಜಿಗೆ ಏರಿಸಿ, ಹತ್ತನೆಯದನ್ನು ಬಿಟ್ಟು ಒಂಬತ್ತನೆಯದರೊಳಗೆ ಹಿಂದಕ್ಕೆ ಹಾಯಿಸಿ. ಇನ್ನೊಂದು ಮಣಿ ಏರಿಸಿ, ಎಂಟನೆಯದನ್ನು ಬಿಟ್ಟು ಏಳನೆಯದರೊಳಗೆ. ಹೀಗೆ ಕೊನೆಯವರೆಗೆ.

ಇಲ್ಲಿಯೇ ಬಹಳ ಜನ ಕೈಬಿಡುತ್ತಾರೆ. ಈ ಮೂರನೆಯ ಸಾಲು ಮುಗಿಯುವ ಹೊತ್ತಿಗೆ ಕೈಯಲ್ಲಿರುವುದು ತಿರುಚಿದ ಹುಳುವಿನಂತೆ ಕಾಣುತ್ತದೆ, ಯಾವ ಮಣಿ ಮೇಲೆ, ಯಾವುದು ಕೆಳಗೆ ಎಂದೇ ತಿಳಿಯುವುದಿಲ್ಲ. ಎಲ್ಲೋ ತಪ್ಪಿದೆ ಎಂದು ಅನಿಸುತ್ತದೆ. ತಪ್ಪಿರುವುದಿಲ್ಲ. ಎರಡು ತುದಿಗಳನ್ನೂ ಬೆರಳುಗಳಲ್ಲಿ ಹಿಡಿದು ದಾರವನ್ನು ಮೆಲ್ಲಗೆ ಬಿಗಿ ಮಾಡಿ, ಮೇಜಿನ ಮೇಲೆ ಇಟ್ಟು ಉಗುರಿನಿಂದ ಒಂದೊಂದೇ ಮಣಿಯನ್ನು ತಳ್ಳಿ ಸರಿಪಡಿಸಿ. ಒಂದು ಮೇಲೆ, ಒಂದು ಕೆಳಗೆ, ಒಂದು ಮೇಲೆ, ಒಂದು ಕೆಳಗೆ. ಹಲ್ಲುಗಳಂತೆ ಸಾಲಾಗುತ್ತವೆ. ನಾಲ್ಕನೆಯ ಸಾಲಿನಿಂದ ಮುಂದೆ, ಮೇಲೆದ್ದ ಹಲ್ಲುಗಳ ನಡುವಿನ ಪ್ರತಿ ಗುಳಿಯಲ್ಲಿ ಒಂದು ಹೊಸ ಮಣಿ ಬಂದು ಕೂರುತ್ತದೆ. ಆ ಕೂರುವಾಗ ಒಂದು ಸಣ್ಣ ‘ಟಿಕ್’ ಸದ್ದು, ದಾರದ ಎಳೆತ ಬೆರಳಿಗೆ ತಾಗಿ ನಿಲ್ಲುವುದು ಇವೆಯಲ್ಲ, ನಾನು ಹನ್ನೊಂದು ವರ್ಷ ಬಿಡದೆ ಹಿಂತಿರುಗಿದ್ದು ಅದಕ್ಕೇ. ಒಂದು ಸಾಲು ಒಂದು ಬಣ್ಣ, ಮುಂದಿನದು ಇನ್ನೊಂದು ಬಣ್ಣ ಹಾಕುತ್ತಾ ಹೋದರೆ ಬೆರಳಗಲದ ಪಟ್ಟಿ ಹುಟ್ಟುತ್ತದೆ.

ಓಲೆ ಮಾಡುವುದಾದರೆ ದುಡಿಯಬೇಕಾದದ್ದು ಒಂದೇ ಕಡೆ, ತಂತಿಯ ಕುಣಿಕೆಯಲ್ಲಿ. ಮಣಿಯ ತಲೆಯ ಮೇಲೆ ಎರಡು ಮೂರು ಮಿಲಿಮೀಟರ್ ಬಿಟ್ಟು ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ, ಗುಂಡುಮೂತಿಯ ಇಕ್ಕಳದಿಂದ ಸುತ್ತು ಮಾಡಿ, ಉಳಿದ ತಂತಿಯನ್ನು ಮಣಿಯ ಮೇಲೆ ಬಿಟ್ಟಿದ್ದ ಆ ಕತ್ತಿನ ಸುತ್ತ ಎರಡು ಮೂರು ಬಾರಿ ಒತ್ತೊತ್ತಾಗಿ ಸುತ್ತಿ ಕತ್ತರಿಸಿ, ತುದಿಯನ್ನು ಒಳಗೆ ಒತ್ತಿ. ತಾಮ್ರದ ತಂತಿಯಲ್ಲಿ ಇಪ್ಪತ್ತು ಸಲ ಮಾಡಿ. ಇಕ್ಕಳದ ಮೂತಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಂಡು ಅದೇ ಜಾಗದಲ್ಲಿ ಸುತ್ತಿದರೆ ಎರಡೂ ಕಿವಿಯ ಕುಣಿಕೆಗಳು ಒಂದೇ ಗಾತ್ರಕ್ಕೆ ಬರುತ್ತವೆ. ಒಂದೇ ಜಾಗದಲ್ಲಿ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಬೇಡಿ, ಲೋಹ ಬಿರುಸಾಗಿ ಮುರಿಯುತ್ತದೆ. ಮಣಿಯಷ್ಟು ಕ್ಷಮೆ ತಂತಿಗಿಲ್ಲ. ಹಾಗೆಯೇ ಜಂಪ್ ರಿಂಗ್, ಅಂದರೆ ಭಾಗಗಳನ್ನು ಜೋಡಿಸುವ ಸೀಳಿರುವ ಸಣ್ಣ ತಂತಿಯ ಉಂಗುರ, ತೆರೆಯುವಾಗ ಎರಡು ತುದಿಗಳನ್ನು ಅಗಲಕ್ಕೆ ಎಳೆಯಬಾರದು, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಬೇಕು. ಆಗ ಮುಚ್ಚಿದಾಗ ಮತ್ತೆ ಗುಂಡಗಾಗುತ್ತದೆ.

ಕೆಲವು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತಂತಿ ಕತ್ತರಿಸುವಾಗ ಹಾರುವ ತುಂಡಿನ ಮೇಲೆ ಬೆರಳಿಟ್ಟುಕೊಳ್ಳಿ, ಕನ್ನಡಕ ಹಾಕಿದರೆ ಇನ್ನೂ ಒಳ್ಳೆಯದು. ಕಿವಿ ತುರಿಸಿದರೆ ಕೊಕ್ಕೆಯಲ್ಲಿ ನಿಕ್ಕಲ್ ಇರಬಹುದು, ಟೈಟಾನಿಯಂ ಅಥವಾ ನಿಯೋಬಿಯಂ ಕೊಕ್ಕೆಗೆ ಬದಲಿಸಿ. ಮುತ್ತು, ಹವಳಗಳಿಗೆ ಆಮ್ಲ ಆಗದು, ಸುಗಂಧದ್ರವ್ಯ ಹಚ್ಚಿಕೊಂಡ ಮೇಲೆ ಕೊನೆಗೆ ಅವುಗಳನ್ನು ಹಾಕಿಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಯಾದರೆ ನೆಲಕ್ಕೆ ಬಿದ್ದ ಪ್ರತಿ ಮಣಿಯನ್ನೂ ಹುಡುಕಿ ತೆಗೆಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ.

ಕೊನೆಗೆ ಮನೆಯವರ ಪ್ರಶ್ನೆ. ನಾನೂ ಒಮ್ಮೆ ಮಾರಲು ಹೊರಟಿದ್ದೆ. ಒಬ್ಬರು ಒಂದೇ ಬಗೆಯ ಇಪ್ಪತ್ತು ಜೊತೆ ಓಲೆ ಕೇಳಿದರು. ಮೊದಲ ಎರಡು ಜೊತೆ ಉತ್ಸಾಹದಿಂದ ಮಾಡಿದೆ. ಏಳನೆಯದಕ್ಕೆ ಬರುವಾಗ ನನ್ನ ಕಣ್ಣು ಮಣಿಯನ್ನು ನೋಡುವುದನ್ನೇ ನಿಲ್ಲಿಸಿತ್ತು. ಯಾವ ಮಣಿಯ ಪಕ್ಕ ಯಾವುದು ಎಂದು ಆರಿಸುವ ಕೆಲಸ ಮುಗಿದುಹೋಗಿತ್ತು, ಉಳಿದದ್ದು ಎಣಿಕೆ ಮತ್ತು ಗಡುವು. ಇಪ್ಪತ್ತನ್ನೂ ಮುಗಿಸಿ ಕೊಟ್ಟೆ, ಆಮೇಲೆ ಎರಡು ತಿಂಗಳು ತಟ್ಟೆ ಮುಟ್ಟಲಿಲ್ಲ. ಮಾರಿ ಸಂತೋಷವಾಗಿರುವವರು ಖಂಡಿತ ಇದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಆದರೆ ಅವರದು ಬೇರೆ ದುಡಿಮೆ. ನನಗೆ ಬೇಕಾದದ್ದು ಆರಿಸುವ ಹೊತ್ತು, ಇಷ್ಟವಾಗದಿದ್ದರೆ ಬಿಚ್ಚುವ ಸ್ವಾತಂತ್ರ್ಯ. ಗಡುವು ಇದ್ದಲ್ಲಿ ಬಿಚ್ಚಲು ಮನಸ್ಸು ಬರುವುದಿಲ್ಲ. ಹಾಡಿಕೊಳ್ಳುವವರನ್ನು, ಗಿಡ ಬೆಳೆಸುವವರನ್ನು ‘ಇದರಿಂದ ಎಷ್ಟು ಬರುತ್ತದೆ’ ಎಂದು ಯಾರೂ ಕೇಳುವುದಿಲ್ಲ. ಕೈಗೆ ಹಿಡಿದು ತೋರಿಸಬಹುದಾದ ವಸ್ತು ಹುಟ್ಟುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮನ್ನು ಕೇಳುತ್ತಾರೆ. ಮನೆಯವರನ್ನು ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ ಆರಿಸಲು ಹೇಳಿ ನೋಡಿ. ನನ್ನ ಮನೆಯಲ್ಲಿ ಆ ಪ್ರಶ್ನೆ ನಿಂತದ್ದು ಹಾಗೆ. ಈಗ ನಾನು ತಟ್ಟೆ ತೆಗೆದರೆ ‘ಆ ಹಸಿರಿನ ಪಕ್ಕ ಇದು ಬೇಡ’ ಎಂಬ ಮಾತು ಹಿಂದಿನಿಂದ ಬರುತ್ತದೆ, ಹತ್ತರಲ್ಲಿ ಆರು ಸಲ ಆ ಮಾತು ಸರಿಯಾಗಿಯೇ ಇರುತ್ತದೆ.

ಹರಿದ ಬ್ರೇಸ್‌ಲೆಟ್‌ನ ಮಣಿಗಳಲ್ಲಿ ಎಷ್ಟು ಸಿಕ್ಕಿವೆ, ಒಂದೊಂದರ ವ್ಯಾಸ ಎಷ್ಟು, ನಿಮ್ಮ ಮಣಿಕಟ್ಟಿನ ಸುತ್ತಳತೆ ಎಷ್ಟು, ಈ ಮೂರನ್ನು ಬರೆದು ತಿಳಿಸಿ. ಮತ್ತೆ ಅದೇ ಬ್ರೇಸ್‌ಲೆಟ್ ಆಗುವಷ್ಟು ಇವೆಯೋ, ನಡುನಡುವೆ ಸಣ್ಣ ಮಣಿ ಸೇರಿಸಬೇಕೋ ಎಂದು ಲೆಕ್ಕ ಹಾಕಿ ಹೇಳುತ್ತೇನೆ.