ಮಳೆ ಜಾಸ್ತಿ ಇರುವ ಊರಲ್ಲಿ ಸಿಲ್ಕಿ ಕೋಳಿ ಸಾಕಬಹುದಾ?

ಖಂಡಿತ ಸಾಕಬಹುದು. ಆದರೆ ನಾಟಿ ಕೋಳಿಯ ಹಾಗೆ ಹಿತ್ತಲಿಗೆ ಬಿಟ್ಟು ಸುಮ್ನೆ ಇರಲು ಆಗುವುದಿಲ್ಲ.

ಬೇರೆ ಕೋಳಿಗಳ ಪುಕ್ಕದ ಎಳೆಗಳು ಸಣ್ಣ ಸಣ್ಣ ಕೊಕ್ಕೆಗಳಿಂದ ಹೆಣೆದುಕೊಂಡಿರುತ್ತವೆ. ನೀರು ಜಾರಿಹೋಗುತ್ತದೆ. ಸಿಲ್ಕಿಯ ಪುಕ್ಕದಲ್ಲಿ ಆ ಹೆಣಿಗೆ ಇಲ್ಲ, ಅದಕ್ಕೇ ಮೈ ಬೆಕ್ಕಿನ ಮರಿಯಷ್ಟು ಮೆತ್ತಗೆ. ಒಂದು ಜೋರು ಮಳೆ ಬಿದ್ದರೆ ಚರ್ಮದವರೆಗೂ ನೆನೆದು, ಮೂಲೆಯಲ್ಲಿ ಮುದುಡಿ ನಡುಗುತ್ತದೆ. ಆಗ ಒಣ ಬಟ್ಟೆಯಲ್ಲಿ ಒರೆಸಿ ಬೆಚ್ಚಗಿಡಿ. ಎರಚಲು ಹೊಡೆಯದ ಗೂಡು ಮಾಡಿ, ನೆಲಕ್ಕೆ ಭತ್ತದ ಹೊಟ್ಟು ಹಾಸಿ. ಒದ್ದೆಯಾದ ಹೊಟ್ಟನ್ನು ಅವತ್ತೇ ತೆಗೆಯಿರಿ. ಇವು ಎತ್ತರಕ್ಕೆ ಹಾರುವುದಿಲ್ಲ, ಕೂರುವ ಕೋಲು ತಗ್ಗಿನಲ್ಲೇ ಇರಲಿ.

ತಲೆಯ ಜುಟ್ಟು ಬೆಳೆದು ಕಣ್ಣು ಮುಚ್ಚಿದರೆ ಕಾಳು ಕಾಣಿಸದೆ ಪಕ್ಕದ ನೆಲ ಕುಕ್ಕುತ್ತದೆ, ಪಾಪ. ಕಣ್ಣಿನ ಸುತ್ತ ಮಾತ್ರ ಹುಷಾರಾಗಿ ಕತ್ತರಿಸಿ. ಹಲವು ಸಿಲ್ಕಿಗಳ ತಲೆಬುರುಡೆ ಮೇಲೆ ಉಬ್ಬಿರುತ್ತದೆ. ಅಲ್ಲಿ ಕುಟುಕಿದರೆ ಜೀವಕ್ಕೇ ಅಪಾಯ. ಜಗಳಗಂಟಿ ದೊಡ್ಡ ಕೋಳಿಗಳ ಜೊತೆ ಬಿಡಲೇಬೇಡಿ.

ಮೊಟ್ಟೆಗಾಗಿ ಸಾಕುವುದಾದರೆ ಬೇರೆ ತಳಿ ನೋಡಿ. ಸಿಲ್ಕಿ ಪದೇ ಪದೇ ಕಾವಿಗೆ ಕೂರುತ್ತದೆ, ಬೇರೆ ಕೋಳಿಯ ಮೊಟ್ಟೆಯಾದರೂ 21 ದಿನ ಬಿಡದೆ ಕೂತು ಮರಿ ಮಾಡುತ್ತದೆ. ಮೇವೂ ಮರೆಯುತ್ತದೆ. ದಿನಕ್ಕೊಮ್ಮೆ ಎತ್ತಿ ನೀರು, ಕಾಳಿನ ಮುಂದೆ ಬಿಡಿ. ಮರಿ ಕೊಳ್ಳುವಾಗ ಮಾರೆಕ್ಸ್ (ಕೋಳಿಗಳಿಗೆ ಬರುವ ಒಂದು ವೈರಸ್ ರೋಗ) ಲಸಿಕೆ ಹಾಕಿಸಿದ್ದಾರಾ ಎಂದು ಕೇಳಿ. ಸಿಲ್ಕಿಗೆ ಆ ರೋಗ ಬೇಗ ತಗಲುತ್ತದೆ, ಲಸಿಕೆ ಹಾಕುವುದು ಮರಿ ಹೊರಬಂದ ಮೊದಲ ದಿನವೇ.