ಹಳೆಯ ಮ್ಯಾಟಡಾರ್ ಕ್ಯಾಂಪರ್‌ನಲ್ಲಿ ಮೂರು ಚೈಲ್ಡ್ ಸೀಟು ಕೂರಿಸುವುದು ಹೇಗೆ?

ನಿಮ್ಮದು 1988ರ ಮ್ಯಾಟಡಾರ್ ವ್ಯಾನು, ಅದನ್ನು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಮಾಡಿದ್ದೀರಿ. ಒಳಗೆ ಮಂಚ, ಕಪಾಟು, ಒಲೆಕಟ್ಟೆ ಎಲ್ಲ ಮಾಡಿಸಿದ್ದೀರಿ. ಹತ್ತು ತಿಂಗಳ ಕೂಸು, ನಾಲ್ಕು ವರ್ಷದ ಮಗಳು, ಎಂಟು ವರ್ಷದ ಮಗ. ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ ಸಮುದ್ರದ ಕಡೆ ಹೋಗುವ ಯೋಚನೆ. ಹಿಂದಿನ ಬೆಂಚಿನ ಮೇಲೆ ಮೂರೂ ಸೀಟು ಸಾಲಾಗಿ ಹಿಡಿಸುತ್ತವಾ, ಇಲ್ಲೇ ಯಾರ ಹತ್ತಿರವಾದರೂ ಐಸೋಫಿಕ್ಸ್ (ಚೈಲ್ಡ್ ಸೀಟನ್ನು ಬೆಲ್ಟಿಲ್ಲದೆ ಸಿಕ್ಕಿಸುವ ಕಬ್ಬಿಣದ ಕೊಂಡಿ) ವೆಲ್ಡ್ ಮಾಡಿಸಬಹುದಾ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ಮೊದಲು ಉತ್ತರ ಹೇಳಿಬಿಡುತ್ತೇನೆ. ಮೂರು ಒಂದೇ ಸಾಲಿನಲ್ಲಿ ಬೇಡ. ಐಸೋಫಿಕ್ಸ್ ವೆಲ್ಡಿಂಗ್ ಅಂತೂ ಬೇಡವೇ ಬೇಡ. ಮುಂದಕ್ಕೆ ಮುಖ ಮಾಡಿದ ಎರಡು ಸಾಲು ಮಾಡಿ, ಬೆಲ್ಟಿನಿಂದ ಕಟ್ಟುವ ಸೀಟು ತೊಗೊಳ್ಳಿ. ಆದರೆ ಸೀಟಿಗೆ ದುಡ್ಡು ಹಾಕುವ ಮೊದಲು ಗಾಡಿಯ ನೆಲ ನೋಡಿ. ಎಷ್ಟೇ ದುಬಾರಿ ಸೀಟಾದರೂ ಅದನ್ನು ಹಿಡಿದಿರುವುದು ಕೆಳಗಿನ ಕಬ್ಬಿಣ.

ನಾನು ಹುಬ್ಬಳ್ಳಿಯವನು. ನಮ್ಮ ಮನೆಯವರದು ಟೆಂಪೋ ಬಾಡಿ ಕಟ್ಟುವ ಕೆಲಸ. ನಮ್ಮಲ್ಲೂ ಒಂದು ಹಳೆ ಮ್ಯಾಟಡಾರ್ ಇದೆ, ಮಕ್ಕಳನ್ನು ಕೂರಿಸಿಕೊಂಡೇ ಓಡಾಡುತ್ತೇವೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕ್ಯಾಂಪರ್ ಮಾಡುವಾಗ ಸಾಮಾನ್ಯವಾಗಿ ನೆಲಕ್ಕೆ ಪ್ಲೈವುಡ್ ಹಾಕಿ, ಮೇಲೆ ಮ್ಯಾಟ್ ಅಂಟಿಸಿರುತ್ತಾರೆ. ಬೆಂಚು ಅಂದರೆ ಒಂದು ಪ್ಲೈ ಡಬ್ಬಿ, ಮೇಲೆ ಫೋಮ್, ಅದಕ್ಕೊಂದು ರೆಕ್ಸಿನ್ ಹೊದಿಕೆ. ನಾಲ್ಕು ಮೂಲೆಗೆ ಎಲ್ ಕ್ಲಾಂಪು, ಮರಕ್ಕೆ ಹಾಕುವ ಸ್ಕ್ರೂ. ಕೂತುಕೊಳ್ಳಲು ಗಟ್ಟಿ ಇದೆ ಅಂತ ಅನಿಸುತ್ತದೆ. ಆ ಪ್ಲೈ ಎತ್ತಿಸಿ ನೋಡಿ. ಒಂದು ದೊಡ್ಡ ಸ್ಕ್ರೂಡ್ರೈವರ್ ತೊಗೊಂಡು ತಗಡಿಗೆ ಒತ್ತಿ. ಹಿಂಗಾಲಿಯ ಕಮಾನಿನ ಹತ್ತಿರ, ಬಾಗಿಲ ಮೆಟ್ಟಿಲ ಹತ್ತಿರ ಮುಖ್ಯವಾಗಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ. ಜಂಗು ಹಿಡಿದದ್ದು ಹಪ್ಪಳದ ಹಾಗೆ ಪದರು ಪದರಾಗಿ ಕಿತ್ತು ಬರುತ್ತದೆ, ಕೆಲವು ಕಡೆ ಸ್ಕ್ರೂಡ್ರೈವರ್ ನೇರ ರಸ್ತೆ ಕಾಣುವವರೆಗೆ ಇಳಿಯುತ್ತದೆ. ಮೇಲೆ ಮ್ಯಾಟ್ ಚೆಂದ ಇದೆ ಅಂತ ಸುಮ್ನೆ ನಂಬಬೇಡಿ. ಒಲೆಕಟ್ಟೆಯ ನೀರು, ಮಳೆಗಾಲದ ಚಪ್ಪಲಿ ನೀರು ಎಲ್ಲ ಆ ಪ್ಲೈ ಕೆಳಗೇ ಹೋಗಿ ಕೂತಿರುತ್ತದೆ.

ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಲೆಕ್ಕ ನೋಡಿ. ಮಗು 15 ಕೆಜಿ, ಸೀಟು 7 ಕೆಜಿ, ಒಟ್ಟು 22. ಗಾಡಿ 50 ಕಿ.ಮೀ. ವೇಗದಲ್ಲಿ ಹೋಗಿ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಆ ಹೊತ್ತಿಗೆ ಆ 22 ಕೆಜಿ ಮುಂದಕ್ಕೆ ಎಳೆಯುವುದು 300 ಕೆಜಿಗಿಂತ ಜಾಸ್ತಿ. ನಿಜವಾದ ಅಪಘಾತದಲ್ಲಿ ಒಂದೊಂದು ಕ್ಷಣ ಇನ್ನೂ ಜಾಸ್ತಿ ಇರುತ್ತದೆ. ಕಂಪನಿಯವರು ಕಾರಿನಲ್ಲಿ ಮೂರು ಬಿಂದುವಿನ ಬೆಲ್ಟ್ ಕಟ್ಟುವ ಜಾಗವನ್ನು ಪರೀಕ್ಷೆ ಮಾಡುವಾಗ ಎದೆ ಪಟ್ಟಿಗೆ ಸುಮಾರು 1,350 ಕೆಜಿ, ಸೊಂಟದ ಪಟ್ಟಿಗೆ ಇನ್ನೊಂದು 1,350 ಕೆಜಿ, ಎರಡನ್ನೂ ಒಟ್ಟಿಗೆ ಎಳೆದು ನೋಡುತ್ತಾರೆ. ಇನ್ನು ಪ್ಲೈಗೆ ಹಾಕಿದ ಮರದ ಸ್ಕ್ರೂ ಏನು ಮಾಡೀತು, ನೀವೇ ಹೇಳಿ.

ಮನೆಯಲ್ಲಿ ಹಿರಿಯರಿದ್ದರೆ ಈ ಲೆಕ್ಕ ಅವರಿಗೂ ಹೇಳಿ. "ನಾ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಗಟ್ಟ್ಯಾಗಿ ಹಿಡ್ಕೋತೀನಿ ತಗೋ" ಅಂತ ನಮ್ಮ ಅವ್ವನೂ ಅಂದಿದ್ದಳು. ಸೀಟಿನ ತೂಕ ಬಿಟ್ಟು ಬರೀ ಮಗುವಿನದೇ ಲೆಕ್ಕ ಹಾಕಿದರೂ 200 ಕೆಜಿ ದಾಟುತ್ತದೆ. ಅಷ್ಟು ಹಿಡಿಯುವ ಕೈ ಯಾರಿಗೂ ಇಲ್ಲ.

ಹಾಗಾದರೆ ಬೆಲ್ಟಿನ ಬೋಲ್ಟು ಎಲ್ಲಿ ಬರಬೇಕು? ಚಾಸಿಯ (ಗಾಡಿ ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಅಥವಾ ಕ್ರಾಸ್ ಮೆಂಬರ್ (ಅದರ ಅಡ್ಡ ತೊಲೆ) ಮೇಲೆ. ಬರೀ ತಗಡಿಗೆ ಹಾಕಲೇಬೇಕಾದ ಕಡೆ ಅಡಿಯಿಂದ ದಪ್ಪ ಉಕ್ಕಿನ ಅಗಲ ಪ್ಲೇಟು ಬೇಕು, ಬರೀ ವಾಶರ್ ಸಾಲದು. ವಾಶರ್ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಬೋಲ್ಟೂ ಅಷ್ಟೇ. ಸೀಟ್ ಬೆಲ್ಟಿಗೆ ಅಂತಲೇ 7/16 ಇಂಚಿನ ಬೋಲ್ಟ್ ಬರುತ್ತದೆ, ಅದನ್ನೇ ತರಿಸಿ. ಡಬ್ಬಿಯಲ್ಲಿ ಬಿದ್ದಿರುವ ಯಾವುದೋ ಬೋಲ್ಟನ್ನು ಮಿಸ್ತ್ರಿ ಹುಡುಕಿ ಕೊಟ್ಟರೆ ಬೇಡ ಅನ್ನಿ.

ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಮಾಡುವವರಿಗೆ ಬರಗಾಲವಿಲ್ಲ. ಗೋಕುಲ ರಸ್ತೆ ಕಡೆ ಹೋದರೆ ಟ್ರಾಲಿಯಿಂದ ಹಿಡಿದು ಬಸ್ ಬಾಡಿವರೆಗೆ ಕೈಯಲ್ಲೇ ಕಟ್ಟಿಕೊಡುತ್ತಾರೆ. ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ, ನಮ್ಮ ಅನ್ನವೂ ಅದೇ. ಆದರೆ ಬೆಲ್ಟ್ ಜಾಗದ ವಿಷಯದಲ್ಲಿ "ಮಸ್ತ್ ಗಟ್ಟಿ ಮಾಡೇನ್ರಿ" ಅನ್ನುವ ಮಾತು ಲೆಕ್ಕಕ್ಕೆ ಬರುವುದಿಲ್ಲ. ಎಳೆದು ಪರೀಕ್ಷೆ ಮಾಡಿದ ಕಾಗದ ಬೇಕು. ಬೆಲ್ಟ್ ಕಟ್ಟುವ ಜಾಗಕ್ಕೆ ನಮ್ಮ ದೇಶದ ಮಾನದಂಡ ಎಐಎಸ್-015. ಆಂಬ್ಯುಲೆನ್ಸ್, ಮೋಟಾರ್ ಕ್ಯಾರವಾನ್ ತಯಾರು ಮಾಡುವವರ ಹತ್ತಿರ ಹೋಗಿ, ಈ ಮಾನದಂಡಕ್ಕೆ ಪರೀಕ್ಷೆ ಆದ ಸೀಟು ಮತ್ತು ಅಡಿಕಟ್ಟು (ಸೀಟನ್ನು ನೆಲಕ್ಕೆ ಹಿಡಿಯುವ ಚೌಕಟ್ಟು) ನಿಮ್ಮಲ್ಲಿ ಇದೆಯಾ, ರಿಪೋರ್ಟ್ ತೋರಿಸಿ ಅಂತ ಕೇಳಿ. ಇಂಥ ಪರೀಕ್ಷೆ ಮಾಡುವ ಎಆರ್‌ಎಐ ಇರುವುದು ಪುಣೆಯಲ್ಲಿ. ಆ ಕಡೆಯ ತಯಾರಕರನ್ನು ವಿಚಾರಿಸಲು ನಮಗೇನು ದೂರವಲ್ಲ, ಹೈವೇ ಹಿಡಿದರೆ ನೇರ ದಾರಿ. ಖರ್ಚು ಜಾಸ್ತಿ ಆಗುತ್ತದೆ, ಗೊತ್ತು. ಮೂರು ಚೈಲ್ಡ್ ಸೀಟಿನ ದುಡ್ಡಿಗಿಂತ ಇದಕ್ಕೇ ಜಾಸ್ತಿ ಹೋದರೂ ಆಶ್ಚರ್ಯವಿಲ್ಲ.

ಐಸೋಫಿಕ್ಸ್ ಬೇಡ ಅಂದದ್ದೂ ಇದೇ ಕಾರಣಕ್ಕೆ. ನೋಡಲು ಅದು ಏನೂ ಅಲ್ಲ, 28 ಸೆಂ.ಮೀ. ಅಂತರದಲ್ಲಿ ಎರಡು 6 ಮಿ.ಮೀ. ಸರಳು. ಯಾರು ಬೇಕಾದರೂ ಬಗ್ಗಿಸಿ ಅಂಟಿಸಬಹುದು ಅಂತ ಅನಿಸುತ್ತದೆ. ಆದರೆ ಆ ಸರಳಿನ ಹಿಂದೆ ಇಡೀ ಸೀಟಿನ ಚೌಕಟ್ಟು, ನೆಲ ಎಲ್ಲ ಸೇರಿ ಲೆಕ್ಕ ಹಾಕಿರುತ್ತಾರೆ. ಅಷ್ಟೇ ಅಲ್ಲ, ಬರೀ ಕೆಳಗೆ ಎರಡು ಕೊಂಡಿ ಹಾಕಿದರೆ ಸೀಟು ಮುಂದಕ್ಕೆ ಮಗುಚುತ್ತದೆ. ಅದಕ್ಕೇ ಮೇಲಿನಿಂದ ಒಂದು ಪಟ್ಟಿ, ಇಲ್ಲವೇ ಮುಂದೆ ನೆಲಕ್ಕೆ ಊರುವ ಕಾಲು ಇರುತ್ತದೆ. ಕ್ಯಾಂಪರ್ ನೆಲದಲ್ಲಿ ಸಾಮಾನು ಇಡುವ ಡಬ್ಬಿ ಇದ್ದರೆ ಆ ಕಾಲು ಟೊಳ್ಳು ಮುಚ್ಚಳದ ಮೇಲೆ ಊರುತ್ತದೆ. ಮೇಲಿನ ಪಟ್ಟಿಯನ್ನು ಮಂಚದ ಪೈಪಿಗೆ ಕಟ್ಟುವವರನ್ನೂ ನೋಡಿದ್ದೇನೆ. ಎರಡೂ ನಡೆಯುವುದಿಲ್ಲ. ಬೆಲ್ಟಿನಿಂದ ಸರಿಯಾಗಿ ಕಟ್ಟಿದ ಸೀಟು ಐಸೋಫಿಕ್ಸ್‌ಗೆ ಏನೂ ಕಡಿಮೆ ಇಲ್ಲ.

ಈಗ ಸಾಲಿನ ವಿಷಯ. ಹೆಚ್ಚಿನ ಚೈಲ್ಡ್ ಸೀಟು 44ರಿಂದ 50 ಸೆಂ.ಮೀ. ಅಗಲ. ಮೂರು ಅಂದರೆ ಕಡಿಮೆಯೆಂದರೂ 132 ಸೆಂ.ಮೀ. ಬೆಂಚಿನ ಪಕ್ಕದಲ್ಲಿ ಕಪಾಟು ಇದ್ದರೆ ಅಷ್ಟು ಜಾಗ ಸಿಗುವುದು ಕಷ್ಟ. ಸಿಕ್ಕರೂ ಬಕಲ್ ಹಾಕಲು ಕೈ ಇಳಿಯುವುದಿಲ್ಲ. ಗೋಡೆಗುಂಟ ಉದ್ದಕ್ಕೆ ಹಾಕಿದ ಬೆಂಚು ಖಾಲಿ ಇದೆಯಲ್ಲ ಅಂತ ನೀವು ಕೇಳಬಹುದು. ಪಕ್ಕಕ್ಕೆ ಮುಖ ಮಾಡಿದ ಸೀಟಿನ ಮೇಲೆ ಯಾವ ಚೈಲ್ಡ್ ಸೀಟನ್ನೂ ಕಟ್ಟಬಾರದು. ಗುದ್ದಿದಾಗ ಕುತ್ತಿಗೆ ಪಕ್ಕಕ್ಕೆ ವಾಲುತ್ತದೆ, ಅದನ್ನು ತಡೆಯಲು ಆ ಸೀಟು ಮಾಡಿಲ್ಲ. ಮುಂದೆ ಡ್ರೈವರ್ ಪಕ್ಕದಲ್ಲೂ ಬೇಡ. ಮ್ಯಾಟಡಾರ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಆ ಭಯ ಇಲ್ಲ ನಿಜ. ಆದರೆ ಮುಂದೆ ಬಾನೆಟ್ಟಿನ ಮೂಗೂ ಇಲ್ಲ, ಗುದ್ದಿದ ಏಟು ನೇರ ಒಳಗೇ ಬರುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಡ್ರೈವರ್ ಹಿಂದಿನ ಸಾಲಿನಲ್ಲಿ ಕೂಸು ಮತ್ತು ಮಗಳು. ಕೂಸು ಬಾಗಿಲ ಕಡೆ, ಯಾಕೆಂದರೆ ಎತ್ತಿ ಇಳಿಸುವುದು ಸುಲಭ. ಅದರ ಹಿಂದಿನ ಸಾಲಿನಲ್ಲಿ ಮಗ, ಅವನ ಪಕ್ಕ ನಿಮ್ಮ ಮನೆಯವರು. ಕೂಸಿನ ಸೀಟು ಹಿಮ್ಮುಖವಾಗಿಯೇ ಇರಬೇಕು. ಯುರೋಪಿನ ಹೊಸ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ, ಅದಕ್ಕಿಂತ ಜಾಸ್ತಿ ದಿನ ಆದರೆ ಇನ್ನೂ ಒಳ್ಳೆಯದು. ಕಾರಿನಲ್ಲಿ ಇದೇ ತಲೆನೋವು, ಕೂಸಿನ ಮುಖ ಕಾಣುವುದಿಲ್ಲ. ಕ್ಯಾಂಪರ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತ ತಾಯಿಗೆ ಕೂಸು ಎದುರಾಬದುರು. ಅರಬೈಲ್ ಘಾಟಿನ ತಿರುವುಗಳಲ್ಲಿ ಕೂಸಿನ ತಲೆ ಎದೆಗೆ ಬಾಗಿದೆಯಾ, ವಾಂತಿ ಬರುವ ಹಾಗಿದೆಯಾ, ಕೂತಲ್ಲೇ ಗೊತ್ತಾಗುತ್ತದೆ. ಕಾರಿನವರಿಗೆ ಈ ಅನುಕೂಲ ಇಲ್ಲ ನೋಡಿ.

ಇದಕ್ಕೆ ಅರ್ಧ ಕಪಾಟು ಹೋಗುತ್ತದೆ. ಮಂಚವೂ ಮಡಚುವ ಥರದ್ದು ಮಾಡಿಸಬೇಕಾಗುತ್ತದೆ. ಹೋಗಲಿ ಬಿಡಿ.

ಬೆಲ್ಟಿನಲ್ಲಿ ಒಂದು ವಿಷಯ ಗಮನಿಸಿ. ಸೊಂಟಕ್ಕೆ ಮಾತ್ರ ಬರುವ ಬೆಲ್ಟ್ ಇದ್ದರೆ ಬೂಸ್ಟರ್ (ದೊಡ್ಡ ಮಗುವನ್ನು ಎತ್ತರಕ್ಕೆ ಕೂರಿಸಿ ಗಾಡಿಯ ಬೆಲ್ಟ್ ಸರಿಯಾಗಿ ಹಾಯುವ ಹಾಗೆ ಮಾಡುವ ಸೀಟು) ಕೂರಿಸಲು ಆಗುವುದಿಲ್ಲ. ನಿಮ್ಮ ಮಗನಿಗೆ ಬೇಕಾದದ್ದು ಬೆನ್ನು ಇರುವ ಬೂಸ್ಟರ್, ಅದಕ್ಕೆ ಎದೆ ಮೇಲೆ ಹಾಯುವ ಮೂರು ಬಿಂದುವಿನ ಬೆಲ್ಟೇ ಆಗಬೇಕು. ಇಲ್ಲದಿದ್ದರೆ ಮೈಯೆಲ್ಲ ಮುಂದೆ ಮಡಚಿ ಪಟ್ಟಿ ಹೊಟ್ಟೆಗೆ ಒತ್ತುತ್ತದೆ. ಕೂಸಿನ ಹಿಮ್ಮುಖ ಸೀಟಿಗೂ ಹೆಚ್ಚಾಗಿ ಮೂರು ಬಿಂದುವಿನ ಬೆಲ್ಟೇ ಬೇಕು, ಅದೂ ಉದ್ದ ಇರಬೇಕು, ಸೀಟನ್ನು ಸುತ್ತಿ ಬರಬೇಕಲ್ಲ. ಉದ್ದ ಸಾಲದಿದ್ದರೆ ಬೆಲ್ಟನ್ನೇ ಬದಲಿಸಿ. ಅಂಗಡಿಯಲ್ಲಿ ಸಿಗುವ ಎಕ್ಸ್‌ಟೆನ್ಶನ್ ತುಂಡು ಸಿಕ್ಕಿಸಬೇಡಿ. ಮಗಳಿಗೆ ಐದು ಪಟ್ಟಿಯ ಸೀಟು (ಸೀಟಿನದೇ ಪಟ್ಟಿಗಳು ಮಗುವನ್ನು ಹಿಡಿಯುವಂಥದ್ದು) ಸಾಕು. ಅದರಲ್ಲಿ ಕೆಲವು ಮಾದರಿಗೆ ಸೊಂಟದ ಬೆಲ್ಟೂ ನಡೆಯುತ್ತದೆ, ಕೈಪಿಡಿಯ ಚಿತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಸೀಟಿನ ಮೇಲೆ ಯುರೋಪಿನ ಆರ್44/04, ಆರ್129 ಅಥವಾ ನಮ್ಮ ಎಐಎಸ್-072 ಮಾನದಂಡದ ಗುರುತು ಇರಬೇಕು. ಯಾರೋ ವಾಪರಿಸಿದ ಸೀಟು ಅಗ್ಗಕ್ಕೆ ಸಿಕ್ಕರೆ, ಅದು ಅಪಘಾತ ಕಂಡಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ತೊಗೊಳ್ಳಿ.

ಫೋಮ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕ್ಯಾಂಪರ್ ಬೆಂಚು ರಾತ್ರಿ ಹಾಸಿಗೆ ಆಗುವುದರಿಂದ ಮೆತ್ತಗಿನ ದಪ್ಪ ಫೋಮ್ ಹಾಕಿರುತ್ತಾರೆ. ಅದರ ಮೇಲೆ ಚೈಲ್ಡ್ ಸೀಟು ಎಷ್ಟು ಬಿಗಿದರೂ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಸಡಿಲ. ಕುಶನ್ ಮಾಡುವವರಿಗೆ ಹೇಳಿ ಗಟ್ಟಿ ರೀಬಾಂಡೆಡ್ ಫೋಮ್ (ಚೂರು ಫೋಮ್ ಒತ್ತಿ ಮಾಡಿದ್ದು) ತೆಳ್ಳಗೆ ಹಾಕಿಸಿ, ಮಲಗಲು ಬೇರೆ ಗಾದಿ ಹಾಸಿಕೊಳ್ಳಿ. ಕಟ್ಟುವಾಗ ಸೀಟಿನಲ್ಲಿ ಮೊಣಕಾಲು ಊರಿ, ಮೈಭಾರ ಬಿಟ್ಟು, ಬೆಲ್ಟ್ ಎಳೆಯಿರಿ. ಆಮೇಲೆ ಬೆಲ್ಟ್ ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಬಕಲ್ಲು ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಾಗಿ ಕೂತಿದ್ದರೆ ಆ ಸೀಟು ಆ ಜಾಗಕ್ಕೆ ಆಗುವುದಿಲ್ಲ ಅಂತಲೇ ಅರ್ಥ. ಏಟು ಬಿದ್ದಾಗ ಬಕಲ್ ಅಲ್ಲೇ ಮುರಿಯಬಹುದು. ಅದಕ್ಕೇ ಗಾಡಿ ತೊಗೊಂಡು ಅಂಗಡಿಗೆ ಹೋಗಿ, ಕೂರಿಸಿ ನೋಡಿ ಕೊಳ್ಳಿ. ಆನ್‌ಲೈನ್ ಆದರೆ ವಾಪಸ್ ಕೊಡಲು ಬರುವುದನ್ನೇ ತರಿಸಿ.

ಕಾಗದಪತ್ರ: ಆರ್‌ಸಿಯಲ್ಲಿ ಎಷ್ಟು ಸೀಟು ಇದೆಯೋ ಅಷ್ಟೇ ಇರಬೇಕು. ಬದಲಾವಣೆ ಮಾಡುವ ಮೊದಲು ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದನ್ನೇ ಹೇಳುತ್ತದೆ. ನಂಬರ್ ಕೆಎ-63 ಇದ್ದರೆ ಹುಬ್ಬಳ್ಳಿ, ಕೆಎ-25 ಇದ್ದರೆ ಧಾರವಾಡ ಕಚೇರಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟು ಇಲ್ಲದೆ ಕರೆದೊಯ್ದರೆ ಅದೇ ಕಾಯ್ದೆಯ 194ಬಿ ಕಲಮಿನ ಪ್ರಕಾರ ಸಾವಿರ ರೂಪಾಯಿ ದಂಡ. ಗಾಡಿ ವಿಂಟೇಜ್ ಅಂತ ಬರೆದಿದ್ದೀರಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು, ನಿಮ್ಮದು ದಾಟಿಲ್ಲ. ದಾಟಿದ್ದರೂ ಆ ನೋಂದಣಿ ನಿಮಗೆ ಉಪಯೋಗವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಅಂತ ಓಡಿಸಬಹುದೇ ಹೊರತು ಮಕ್ಕಳನ್ನು ಹೇರಿಕೊಂಡು ಕಾರವಾರಕ್ಕೆ ಹೋಗುವ ಹಾಗಿಲ್ಲ.

ಒಲೆ ಇದೆ ಅಂದಿರಿ. ಸಿಲಿಂಡರ್ ಚಾಸಿಗೆ ಬಿಗಿದ ಪಟ್ಟಿಯಲ್ಲಿ ನಿಂತಿರಬೇಕು, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಕುಕ್ಕರ್, ನೀರಿನ ಕ್ಯಾನು ಎಲ್ಲ ಚಿಲಕ ಇರುವ ಕಪಾಟಿನೊಳಗೆ. ಮಕ್ಕಳು ಬಿಗಿಯಾಗಿ ಕೂತಿದ್ದು, ಹಿಂದಿನಿಂದ ಕುಕ್ಕರ್ ಹಾರಿಬಂದರೆ ಏನುಪಯೋಗ? ದೊಡ್ಡವರಿಗೂ ಬೆಲ್ಟ್ ಬೇಕು, ಬೆಲ್ಟ್ ಹಾಕದ ದೊಡ್ಡವರು ಮಕ್ಕಳ ಮೇಲೆಯೇ ಬೀಳುತ್ತಾರೆ.

ನೆಲ ತೀರಾ ಹಾಳಾಗಿದ್ದರೆ, ಅಥವಾ ಪರೀಕ್ಷೆ ಆದ ಅಡಿಕಟ್ಟು ಸಿಗದಿದ್ದರೆ, ಮಕ್ಕಳು ಕಾರಿನಲ್ಲಿ ಬರಲಿ, ಮ್ಯಾಟಡಾರ್ ಸಾಮಾನು ಹೇರಿಕೊಂಡು ಹಿಂದೆ ಬರಲಿ. ರಾತ್ರಿ ಮಲಗಲು ಅದೇ ಗಾಡಿ. ನಮ್ಮ ನೆಂಟರೊಬ್ಬರು ಹೀಗೇ ಮಾಡುತ್ತಾರೆ, ಮಕ್ಕಳಿಗೆ ಕ್ಯಾಂಪರ್ ಮಜಾ ಏನೂ ಕಡಿಮೆ ಆಗಿಲ್ಲ.

ಪ್ಲೈ ಎತ್ತಿದ ಮೇಲೆ ನೆಲದ್ದೊಂದು, ಗಾಡಿ ಅಡಿಯಿಂದ ಚಾಸಿಯದ್ದೊಂದು ಫೋಟೋ ಹಾಕಿ. ಗೋಡೆಯಿಂದ ಗೋಡೆಗೆ ಒಳಗಿನ ಅಗಲವನ್ನೂ ಬರೆಯಿರಿ. ಕ್ರಾಸ್ ಮೆಂಬರ್ ಎಲ್ಲಿ ಬರುತ್ತವೆ ಅಂತ ನೋಡಿ, ಸಾಲು ಎಲ್ಲಿ ಬಂದರೆ ಚಲೋ ಅಂತ ಹೇಳುತ್ತೇನೆ.